ಖರಾಬು

ಸರ್ವೆ ನಂಬರ್ ನೂರಾ ಹದಿನೆಂಟು. ಆರುನೂರಾ ನಲವತ್ತು ಎಕರೆ.
ಉತಾರದೊಳಗೆ ಒಂದೇ ಮಾತು: ಖರಾಬು.
ಅದನ್ನು ಎಷ್ಟು ಸಲ ಬೆರಳಚ್ಚು ಮಾಡಿದ್ದೇನೋ ನಾನು,
ಎರಡನೇ ದರ್ಜೆ ಸಹಾಯಕಿ, ಬೀಳಗಿ ತಹಶೀಲ ಕಚೇರಿ,
ಒಮ್ಮೆಯೂ ಆ ಗುಡ್ಡ ಹತ್ತಿರಲಿಲ್ಲ.

ಅಹವಾಲು ಸಭೆ ಹನ್ನೊಂದಕ್ಕೆ ಅಂತಿತ್ತು,
ಸಾಹೇಬರು ಬಂದಾಗ ಒಂದೂವರೆ.
ಪುನರ್ವಸತಿ ಕೇಂದ್ರದ ಶಾಲೆ,
ಕಂಪನಿಯ ಬ್ಯಾನರಿನೊಳಗೆ ನೀಲಿ ಗಾಜಿನ ಹೊಲ,
ನಡುವೆ ನಗುತ್ತ ನಿಂತ ಯಾವೂರಿನವಳೋ ಹುಡುಗಿ.
ನನ್ನ ಮುಂದೆ ಗೆರೆ ಹಾಳೆ, ಎರಡು ಪೆನ್ನು.

ಕೆಂಚವ್ವ ಮೊದಲು ಎದ್ದಳು. ಸೆರಗಿನ ಗಂಟು ಬಿಚ್ಚಿ
ಮೇಜಿನ ಮೇಲೆ ಸುರುವಿದಳು
ಬಾರಿ ಹಣ್ಣು, ಗೌಜಲಕ್ಕಿ ಪುಕ್ಕ, ಒಂದು ಹಿಡಿ ಕರಡ.
"ಇದೇನ್ರಿ ಖರಾಬು? ತಿಂದ ನೋಡ್ರಿ."
ಸಾಹೇಬರು ಮುಟ್ಟಲಿಲ್ಲ.
ಕಂಪನಿಯ ಹುಡುಗ ಒಂದು ಹಣ್ಣು ತಿಂದು
ಬೀಜ ಎಲ್ಲಿ ಉಗುಳಬೇಕೋ ತಿಳಿಯದೆ
ಸಭೆ ಮುಗಿಯುವ ತನಕ ದವಡೆಯೊಳಗೇ ಇಟ್ಟುಕೊಂಡ.

ಮೈಕು ಲಾಲಸಾಬ ನದಾಫರ ಕೈಗೆ ಬಂತು.
ಮೂವತ್ತನಾಲ್ಕು ವರ್ಷ ಲೈನ್‌ಮನ್.
ಎಡಗೈಯ ಎರಡು ಬೆರಳು ಹಳೆಯ ಊರಿನ ಟಿ.ಸಿ. ತಿಂದಿದೆ.
"ಸಾಹೇಬ್ರ..." ಅಂದರು.
ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನುಗಳು ಒಂದೊಂದೇ ನಿಂತವು.
ಯಾರೋ ನಕ್ಕರು. ಆಮೇಲೆ ಎಲ್ಲರೂ ಅವರ ಕಡೆಗೇ ನೋಡಿದರು,
ನಿವೃತ್ತರಾಗಿ ಐದು ವರ್ಷವಾಗಿದ್ದರೂ.
ಅವರ ಕೈಯೂ ಸೊಂಟಕ್ಕೆ ಹೋಯಿತು, ಅಲ್ಲಿಲ್ಲದ ಕಟಿಂಗ್ ಪ್ಲೇಯರ್ ಹುಡುಕಿ.
"ಫೀಡರ್ ಟ್ರಿಪ್ ಆಗೈತಿ, ಇಲ್ಲಿಂದ ಆಗೂದಲ್ಲ" ಅಂದು
ಮೈಕು ಕೆಳಗಿಟ್ಟರು.

"ಕರೆಂಟ್ ಬ್ಯಾಡ ಅನ್ನಾಕ ನಾ ಬಂದಿಲ್ರಿ.
ಈ ಕೈಲೇನ ಹನ್ನೊಂದ ಊರಿಗೆ ಬೆಳಕ ಕೊಟ್ಟೀನಿ.
ನಮ್ಮ ಹಳೇ ಊರ ಹಿನ್ನೀರಾಗ ಐತಿ.
ಮುಣಗೂ ಮೊದಲ ಕಂಬ ಕೀಳಾಕ ನನ್ನs ಕಳಿಸಿದ್ರು.
ನಾ ಹುಗದದ್ದ ನಾನ ಕಿತ್ತೆ.
ಒಂದ ಮಾತ್ರ ಬರಲಿಲ್ಲ, ಬಿಟ್ಟಬಂದೆ.
ಬ್ಯಾಸಗ್ಯಾಗ ನೀರ ಸರದ್ರ ಅದರ ತಲಿ ಕಾಣತೈತಿ.

ಬಿಸಲ ಗುಡ್ಡದ ಮ್ಯಾಲಷ್ಟ ಬೀಳತೈತೇನ್ರಿ?
ಕಾಲಿವಿ ಮ್ಯಾಲ ಹಾಸ್ರಿ, ನೀರ ಆರೂದರ ಉಳೀತೈತಿ.
ಸಕ್ಕರಿ ಫ್ಯಾಕ್ಟರಿ ತಗಡ ಐತಿ, ಗೋದಾಮ ಅದಾವು,
ನಿಮ್ಮ ಕಚೇರಿ ಮಾಳಿಗಿ ಖಾಲಿ ಬಿದ್ದೈತಿ.
ಅಷ್ಟೂ ಮುಗದ ಮ್ಯಾಲ ಗುಡ್ಡದ ಮಾತಾಡೂಣು.
ಚಿಗರಿಗೆ ಉತಾರಿಲ್ಲ, ನೋಟೀಸ ಮುಟ್ಟೂದಿಲ್ಲ.
ಅದರ ಸಹಿ ನಂದ ತೊಗೋರಿ."

ನಾನು ಬರೆದೆ:
ಸದರಿಯವರು ವಿದ್ಯುತ್ ಯೋಜನೆಗೆ ವಿರೋಧ ವ್ಯಕ್ತಪಡಿಸಿರುತ್ತಾರೆ.
ಕೈ ತಾನೇ ಬರೆದದ್ದು. ಎಂಟು ವರ್ಷದ ರೂಢಿ.

"ಓದಿ ಹೇಳವ್ವಾ" ಅಂದರು ಲಾಲಸಾಬರು.
ಓದಿದೆ.
ಯಾರೂ ಗದ್ದಲ ಮಾಡಲಿಲ್ಲ. ಮಾಡಿದ್ದರೆ ಹಗುರಾಗುತ್ತಿತ್ತು.
"ಬ್ಯಾಡ ಅಂದಿಲ್ಲವ್ವಾ. ಎಲ್ಲಿ ಅಂತ ಕೇಳೀನಿ.
ಫೇಸೂ ನ್ಯೂಟ್ರಲ್ಲೂ ಬಾಜುಬಾಜೂಕ ಇರತಾವು, ಖರೆ.
ಒಂದ ಅಂತ ತಿಳದ್ರ ಹಿಂಗಾಗತೈತಿ."
ಎಡಗೈ ಎತ್ತಿ ತೋರಿಸಿದರು.

ಸಾಹೇಬರು ವಾಚು ನೋಡಿಕೊಂಡರು.
ನಾನು ಹೊಸ ಹಾಳೆ ತೆಗೆದೆ.
ಕಿಟಕಿಯ ಬೆಳಕಿಗೆ ಬೆಂಚು ಜರುಗಿಸಿ
ಅವರು ಹೇಳಿದ್ದನ್ನು ಹೇಳಿದ ಹಾಗೇ,
ಗೌಜಲಕ್ಕಿ ಪುಕ್ಕಕ್ಕೂ ಒಂದು ಸಾಲು ಕೊಟ್ಟು,
ನಾಲ್ಕು ಪುಟ.
ಕೆಳಗೆ ನೂರಾ ಎಪ್ಪತ್ತಮೂರು ಸಹಿ, ನಲವತ್ತೊಂದು ಹೆಬ್ಬೆಟ್ಟು.

ಕಡತ ಬಾಗಲಕೋಟೆಗೆ ಹೋಗಿದೆ, ಅಲ್ಲಿಂದ ಮುಂದಕ್ಕೆ.
ಪುಟ ಹಾರಿಸುವವರು ಎಲ್ಲ ಕಡೆಯೂ ಇದ್ದಾರೆ, ನನಗೆ ಗೊತ್ತು,
ನಾನೂ ಹಾರಿಸಿದ್ದೇನೆ.

ರವಿವಾರ ಸ್ಕೂಟಿಯನ್ನು ಬುಡದಲ್ಲಿ ನಿಲ್ಲಿಸಿ ಗುಡ್ಡ ಹತ್ತಿದೆ.
ಕರಡ ಮೊಣಕಾಲಿನ ತನಕ.
ಚಿಗರಿ ಕಾಣಲಿಲ್ಲ, ಹಿಕ್ಕೆ ಕಂಡೆ, ಇನ್ನೂ ಹಸಿ.
ಕೆಳಗೆ ಹಿನ್ನೀರು ತುಂಬಿಕೊಂಡು ನಿಂತಿತ್ತು,
ಕಂಬ ಎಲ್ಲಿರಬಹುದೆಂದು ಬಹಳ ಹೊತ್ತು ನೋಡುತ್ತ ಕೂತೆ.
ಇಳಿಯುವಾಗ ಒಂದು ಬಾರಿ ಹಣ್ಣು ತಿಂದೆ. ಹುಳಿ.
ಬೀಜ ಅಲ್ಲೇ ಉಗುಳಿದೆ.