ತಟ್ಟಿಮನಿ ಸಾಹೇಬ

ಫೈಲಿನಲ್ಲಿ ಅವನ ಹೆಸರು ಹೈನೊ ಟ್ರೌಟ್‌ಮನ್.
ನಮ್ಮ ಆಯಿಯ ಬಾಯಲ್ಲಿ ತಟ್ಟಿಮನಿ.
ಗೋಕಾಕದ ಕಡೆ ಆ ಅಡ್ಡಹೆಸರಿನವರು ಬೇಕಾದಷ್ಟು ಜನ;
ಜರ್ಮನಿಯವನೊಬ್ಬ ಹೆಚ್ಚಾದರೆ ಅವಳಿಗೇನೂ ಭಾರವಲ್ಲ.

ಇವತ್ತು ನಾನು ಅರವತ್ತು ಅಡಿ ಮೇಲೆ,
ಬಿದಿರಿನ ಅಟ್ಟಣಿಗೆಯಲ್ಲಿ, ಸೊಂಟಕ್ಕೆ ಹಗ್ಗ,
ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.
ಫೋರ್ಟಿನ ಓಣಿ, ಮುಚ್ಚಿಹೋದ ವಿಮಾ ಕಂಪನಿ, ಅದರ ಹಣೆಯ ಮೇಲೆ
ಮಾಲಾಡಿನ ಹಳದಿ ಕಲ್ಲಿನಲ್ಲಿ ಹನ್ನೊಂದು ಕೂಲಿಗಳು
ಎಂಬತ್ತಾರು ವರ್ಷಗಳಿಂದ ಒಂದೇ ಹಡಗನ್ನು ಇಳಿಸುತ್ತಿದ್ದಾರೆ.
ಪಾರಿವಾಳದ ಹಿಕ್ಕೆ ಕೆರೆದ ಹಾಗೆ
ಒಬ್ಬೊಬ್ಬರಿಗೆ ಮೂಗು ಬರುತ್ತದೆ.

ಎಡದಿಂದ ನಾಲ್ಕನೆಯವಳು ಆಯಿ.
ಲಗಮವ್ವ. ಆಗ ಹತ್ತೊಂಬತ್ತು.
ಕೊಲ್ಸಾ ಬಂದರಿನಲ್ಲಿ ದಿನಕ್ಕೆ ಆರಾಣೆ.
ಗಡ್ಡದ ತುಂಬ ಸುಣ್ಣದ ಬಿಳಿಯ ಆಸಾಮಿ ಬಂದು
ಸುಮ್ಮನೆ ನಿಂತರೆ ಎಂಟಾಣೆ ಅಂದನಂತೆ.
'ಹೊರೂದಕ್ಕ ಆರು, ನಿಂದ್ರೂದಕ್ಕ ಎಂಟು!
ಹುಚ್ಚಪ್ಯಾಲಿ ಅಂವ ಅಂದ್ಕೊಂಡೆ.
ಮರುದಿನಾ ಹೋದೆ.'

ಮಝಗಾಂವಿನ ಶೆಡ್ಡು. ತಲೆಯ ಮೇಲೆ ಖಾಲಿ ಬುಟ್ಟಿ.
ಅವನು ಸುತ್ತು ಹಾಕಿದ, ಬೆನ್ನ ಹಿಂದೆ ನಿಂತ,
ಮುರುಕು ಹಿಂದಿಯಲ್ಲಿ ಗೊಣಗಿದ: ಕತ್ತು ಸುಳ್ಳು ಹೇಳುತ್ತಿದೆ.
ಮೂವತ್ತು ಸೇರು ಕಲ್ಲಿದ್ದಲು ತರಿಸಿ ಬುಟ್ಟಿಗೆ ಸುರಿದ.
ನರ ಎದ್ದಿತು. ಪೆನ್ಸಿಲ್ ಎತ್ತಿಕೊಂಡ.
'ಎರಡಾಣೆ ಅಷ್ಟ ಲಾಭ ಆತು ನೋಡಪ.'
ಸಾಯುವ ತನಕ ಆಯಿಗೆ ಆ ಬೇಸರ ಹೋಗಲಿಲ್ಲ.

ಫೈಲು ಹೇಳುವುದಿಷ್ಟು: ರೂರ್ ಸೀಮೆಯ ಗಣಿಯೂರಲ್ಲಿ ಹುಟ್ಟು.
ಒಂದು ಸೋಮವಾರ ಅಪ್ಪ ಗಣಿಯಿಂದ ಮೇಲೆ ಬರಲಿಲ್ಲ.
ಮಗ ದೊಡ್ಡವನಾಗಿ ಆ ಊರಿನ ಚೌಕದಲ್ಲಿ ಕಾರಂಜಿ ಕಟ್ಟಿದ:
ಸತ್ತವರ ಹೆಂಡಂದಿರು, ಕಂಚಿನಲ್ಲಿ, ಕೊಡ ಹಿಡಿದು.
ಮೂವತ್ತಮೂರರ ಹೊಸ ಮೇಯರನಿಗೆ
ಆ ಹೆಂಗಸರು ಸಾಕಷ್ಟು ಚೆಲುವೆಯರಾಗಿ ಕಾಣಲಿಲ್ಲ.
ಕರಗಿಸಿದರು. ಕರಗಿ ಏನಾದರೋ, ಬರೆದಿಲ್ಲ.
ಮರುವರ್ಷ ಇವನು ಬ್ಯಾಲಾರ್ಡ್ ಪಿಯರಿನಲ್ಲಿ ಇಳಿದ,
ಒಂದು ಟ್ರಂಕು, ಚರ್ಮದ ಸುರುಳಿಯಲ್ಲಿ ಉಳಿಗಳು.

ಬೊಂಬಾಯಿಯಲ್ಲಿ ಅವನದೆಂದು ಉಳಿದದ್ದು:
ರೇ ರೋಡಿನಲ್ಲಿ ಕುದುರೆಗಳ ನೀರಿನ ತೊಟ್ಟಿ,
ಈಗ ಪಂಕ್ಚರಿನವನು ಅದರಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಾನೆ;
ಪರೇಲಿನ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಒಂದು ಹಸು,
ಕೆಚ್ಚಲು ಮಾತ್ರ ಸವೆದು ಕನ್ನಡಿಯಾಗಿದೆ,
ಒಳಹೋಗುವ ಬಸುರಿಯರು ಮುಟ್ಟಿ ಮುಟ್ಟಿ;
ಮತ್ತೆ ಈ ಹನ್ನೊಂದು ಜನ.

ಹನ್ನೊಂದನೆಯವನಿಗೆ ಮುಖವಿಲ್ಲ. ಕೆರೆದೆ, ಆದರೂ ಇಲ್ಲ.
ಅದು ಸೆಪ್ಟೆಂಬರ್, ಯುದ್ಧ, ಕೆಳಗೆ ಪೊಲೀಸ್ ವ್ಯಾನು.
ನಮ್ಮವನಲ್ಲ ಎಂದು ಅಲ್ಲಿ ಓಡಿಸಿದ್ದರು,
ಅವರವನು ಎಂದು ಇಲ್ಲಿ ಹಿಡಿದರು.
ಪುರಂದರ ಕೋಟೆಯ ಮೇಲೆ ಆರು ವರ್ಷ.
ಅಲ್ಲಿ ಸಾಬೂನಿನಲ್ಲಿ ಕೆತ್ತುತ್ತಿದ್ದನಂತೆ. ಸಾಬೂನು ತಾನೆ,
ಯಾರೋ ಮೈ ತೊಳೆದುಕೊಂಡರು.
ಆಮೇಲೆ ಫೈಲಿನಲ್ಲಿ ಪುಟಗಳಿಲ್ಲ.

ಮೂರು ಗಂಟೆಗೆ ಆಯಿಯ ತಲೆಯ ಮಟ್ಟಕ್ಕೆ ಏರಿದೆ.
ರಸ್ತೆಯಿಂದ ನೋಡಿದರೆ ಬುಟ್ಟಿಯ ಅಂಚು,
ಅಂಚಿನ ಮೇಲೆ ನಾಲ್ಕೈದು ಕಲ್ಲಿದ್ದಲ ಹೆಂಟೆ, ಅಷ್ಟೆ.
ಬಗ್ಗಿದೆ.
ಹೆಂಟೆಗಳ ಹಿಂದೆ ಏನೂ ಇಲ್ಲ.
ತಳದ ತನಕ ತೋಡಿದ್ದಾನೆ,
ಸುತ್ತಲೂ ಉಳಿಯ ಗೀರು, ಅವಸರವಿಲ್ಲದ್ದು,
ಮಳೆನೀರು ನಿಲ್ಲದಂತೆ ತಳದಲ್ಲಿ ಒಂದು ತೂತು.

'ಲೋಡ್ ಕಮ್ಮಿ ಮಾಡೋದಕ್ಕೆ,' ಸಬ್ನೀಸ್ ಮೇಡಂ ಫೋನಿನಲ್ಲಿ,
'ಕಾರ್ನಿಸ್ ತಡೀಬೇಕಲ್ಲ?'
ಇರಬಹುದು.
ಉಳಿದವರ ಹೊರೆಗಳನ್ನು ಬಡಿದು ನೋಡಿದೆ:
ಮೂಟೆ, ಪೀಪಾಯಿ, ಹತ್ತಿ ಅಂಡಿಗೆ.
ಎಲ್ಲ ಗಟ್ಟಿ.

ಆಯಿ ಇದ್ದಿದ್ದರೆ ಬಿಡುತ್ತಿರಲಿಲ್ಲ:
'ಕಲ್ಲಿನಾಕೀಗೆ ಖಾಲಿ ಬುಟ್ಟಿ ಕೊಟ್ಟಾನ,
ನನಗ್ಯಾಕ ತುಂಬಿದ್ದ?'

ಗೊತ್ತಿಲ್ಲ ಆಯಿ.
ತೂತಿಗೆ ಅಡ್ಡವಾಗಿ ಕಡ್ಡಿ, ಪೊರಕೆಯ ಎಸಳು, ತಂತಿಯ ತುಂಡು,
ನಡುವೆ ಎರಡು ಮೊಟ್ಟೆ.
ಕೆಳಗಿನಿಂದ ಮುಕಾದಮ ಕೂಗುತ್ತಾನೆ: ನಾಲ್ಕನೇದು ಸ್ವಚ್ಛ ಆಯ್ತಾ?
ಬಗ್ಗಿ ಬಗ್ಗಿ ನನ್ನ ಕತ್ತು ಹಿಡಿದಿದೆ.
ಆಯ್ತು ಎಂದೆ.