ಸ್ಟಿಲ್

ಸ್ಕಾಟ್ಲೆಂಡಿನ ಪಡುವಣ ದ್ವೀಪದಲ್ಲಿ
ವಿಸ್ಕಿ ಇಳಿಸುವ ತಾಮ್ರದ ಭಟ್ಟಿಗೆ ಹೆಸರು ಸ್ಟಿಲ್.
ಕೊಕ್ಕರೆಯ ಕತ್ತು, ದಿನ ತುಂಬಿದ ಹೊಟ್ಟೆ,
ಒಳಗೆ ಕೊತಕೊತ.

ಕಾಯುವವನು ಟಾರ್ಕ್ವಿಲ್, ಅರವತ್ತೆಂಟು ವರ್ಷ.
ನೆಲ ಒರೆಸಲು ಪೋಲೆಂಡಿನಿಂದ ಬಂದವಳು ಯಾದ್ವಿಗಾ.
ಏಪ್ರನ್ ಜೇಬಲ್ಲಿ ಅಂಗೈಯಗಲ ನೋಟ್‌ಬುಕ್,
ಕಿವಿಗೆ ಬಿದ್ದ ಪದ ಜಾರುವ ಮುಂಚೆ
ಪೆನ್ಸಿಲಿನಿಂದ ಗೂಟ ಹೊಡೆದುಬಿಡುತ್ತಾಳೆ.

'ಅಲುಗದೆ ಇರುವುದೂ ಸ್ಟಿಲ್ ಅಂತಲ್ಲ,
ನಿನ್ನ ಪಾತ್ರೆಗೆ ಒಂದು ಗಳಿಗೆ ಸುಮ್ಮನಿದ್ದು ಗೊತ್ತಾ?'
'ಇದು ಹನಿಯುವುದರಿಂದ ಬಂದ ಹೆಸರು, ತಾಯಿ.
ಅದರ ಮನೆತನವೇ ಬೇರೆ.
ದನಿ ಒಂದೇ, ಹೊಕ್ಕುಳಬಳ್ಳಿ ಎರಡು.'
ಬರೆದುಕೊಂಡಳು.

ಜನವರಿಯಲ್ಲಿ, ಕಡಲು ಹೇಗಿದೆ ಎಂದು ಕೇಳಿದ್ದಕ್ಕೆ
ದೋಣಿಕಟ್ಟೆಯವನು ಫೋನಿನಲ್ಲಿ ಅರಚಿದ ಎರಡು ಪದಗಳಲ್ಲಿ
ಕೇಳಿಸಿದ್ದು ಸ್ಟಿಲ್ ಒಂದೇ.
ಶಾಂತವಾಗಿದೆ ಎಂದುಕೊಂಡು ಸೂಟ್‌ಕೇಸ್ ಎಳೆದುಕೊಂಡು ಹೋದಳು.
ಅವನೆಂದದ್ದು: ಇನ್ನೂ ಬಿರುಗಾಳಿ.
ಟೋಪಿ ಐರ್ಲೆಂಡಿನ ಕಡೆ ಹಾರಿತು.
ಟಾರ್ಕ್ವಿಲ್ ಒಂದು ವಾರ ನಕ್ಕ.

ಅವನದೇ ಒಂದು ಸ್ಟಿಲ್ ಇದೆ, ನಿಘಂಟಿಗೆ ಸಿಗದ್ದು.
ಮಂಡಿನೋವು, ಮಳೆ, ಹೊಸ ಮ್ಯಾನೇಜರು,
ಎಲ್ಲವನ್ನೂ ಶಪಿಸಿ ಮುಗಿಸಿ
ಟೀ ಲೋಟ ಎತ್ತಿ 'ಸ್ಟಿಲ್' ಅನ್ನುತ್ತಾನೆ,
ಆದರೂ, ಅಂತ.
ಮುಂದಿನ ಮಾತು ಯಾವತ್ತೂ ಬರುವುದಿಲ್ಲ.

ಭಾನುವಾರ ಚರ್ಚಿನ ಹಿಂದೆ
ಅವನ ಹೆಂಡತಿ ಮರ್ಡೀನಾಳ ಕಲ್ಲಿನ ಮೇಲೆ,
ಅವಳ ಹೆಸರಿನ ಕೆಳಗೆ, ಪಾಚಿ ಕೆರೆದರೆ
ಇನ್ನೊಂದು ಸಾಲು. ಹೆಸರಿಲ್ಲ.
ಒಂದು ಗಂಡು, ಒಂದೇ ಒಂದು ಇಸವಿ,
ಒಂದು ಪದ: ಮುಂದೆ ಸ್ಟಿಲ್, ಹಿಂದೆ ಬಾರ್ನ್.

ಎರಡೂ ಅವಳಿಗೆ ಗೊತ್ತಿದ್ದವು.
ಮಂಡಿಯೂರಿ ಹಾಳೆ ತಿರುವಿದಳು.
ಅಲುಗದೆ ಹುಟ್ಟಿದ?
ಇನ್ನೂ ಹುಟ್ಟುತ್ತಲೇ ಇರುವ?
ಕೊನೆಗೆ ಅವನ ಟೀ ಲೋಟದ ಅರ್ಥವನ್ನೇ ಇಟ್ಟು ನೋಡಿದಳು.

ಸೋಮವಾರ ಭಟ್ಟಿಯ ಪಕ್ಕ, ಅಳುಕುತ್ತಾ, ಓದಿ ಹೇಳಿದಳು:
'ಆದರೂ ಹುಟ್ಟಿದವನು. ಸರಿಯಾ?'

ತಾಮ್ರ ಸದ್ದು ಮಾಡುತ್ತಿತ್ತು.
ಅವನು ಕವಾಟ ನೋಡಿದ, ಮತ್ತೆ ನೋಡಿದ,
ಅಗತ್ಯವಿಲ್ಲದೆ ಮೂರನೆಯ ಸಲ ನೋಡಿದ.
ತಿದ್ದಲೆಂದು ಅವಳು ಕೊಟ್ಟ ಪೆನ್ಸಿಲು
ಸಂಜೆ ಅವನು ಮನೆಗೆ ಹೋಗುವಾಗಲೂ
ಕಿವಿಯ ಸಂದಿಯಲ್ಲೇ ಇತ್ತು.