ಚುಕ್ಕೆ ಗುರುತಿನ ಪ್ರಶ್ನೆ

ಮಂಡ್ಯದ ಕೋರ್ಟಿನ ಎದುರು, ಹೊಂಗೆ ಮರದ ಕೆಳಗೆ
ನನ್ನ ಟೈಪಿಂಗ್ ಅಂಗಡಿ: ಒಂದು ಮೇಜು, ಒಂದು ರೆಮಿಂಗ್ಟನ್,
ಮಳೆ ಬಂದರೆ ಮೂವರಿಗೂ ಸೇರಿ ಒಂದೇ ಟಾರ್ಪಾಲು.
ಇಪ್ಪತ್ತೆಂಟು ವರ್ಷ ಬೇರೆಯವರ ಸಂಕಟ ಬಡಿದೆ,
ಪುಟಕ್ಕೆ ಎರಡು ರೂಪಾಯಿ, ಕಾರ್ಬನ್ ಪ್ರತಿಗೆ ಎಂಟಾಣೆ.

ಕೋರ್ಟಿನ ಕಾಗದ ‘ಪ್ರಾರ್ಥಿಸುತ್ತೇನೆ’ ಎಂದು ಮುಗಿಯುತ್ತಿತ್ತು.
ಡಿ.ಸಿ. ಕಚೇರಿಯದು ‘ದಯಮಾಡಿ’ ಎಂದು ಶುರುವಾಗಿ
‘ತಮ್ಮ ವಿಧೇಯ’ನಲ್ಲಿ ಬಗ್ಗಿ ನಿಲ್ಲುತ್ತಿತ್ತು.
ಬೆಂಗಳೂರಿನ ಆ ಕಲ್ಲುಕಟ್ಟಡಕ್ಕೆ ಹೋಗುವುದು ಮಾತ್ರ
ಬೇಡುತ್ತಿರಲಿಲ್ಲ. ಕೇಳುತ್ತಿತ್ತು.

ಬೋರಲಿಂಗ ಬಂದ ಶಾಸಕರ ಚೀಟಿ ಹಿಡಿದು,
ಕಬ್ಬಿನ ಗಾಡಿಗಳು ರಸ್ತೆಗೆಲ್ಲ ಸಾಲುಗಟ್ಟಿದ್ದ ಸೋಮವಾರ.
ಕಾಳೇನಕೊಪ್ಪಲಿನ ನಾಲೆಗೆ ಸೇತುವೆ ಇಲ್ಲ.
ಉರುಳಿಬಿದ್ದ ಲೈಟುಕಂಬವೊಂದನ್ನು ಅಡ್ಡ ಹಾಕಿಕೊಂಡು
ನಲವತ್ತು ಮಕ್ಕಳು, ಚಪ್ಪಲಿ ಕೈಯಲ್ಲಿ ಹಿಡಿದು, ಸ್ಕೂಲಿಗೆ.
ಹೋದ ಶ್ರಾವಣದಲ್ಲಿ ಅವನ ಅಕ್ಕನ ಮಗಳು ಚೆಲುವಿ.
‘ಚಪ್ಲಿ ಸಿಕ್ದೊ’ ಅಂದ. ಮುಂದಕ್ಕೆ ಮಾತಾಡಲಿಲ್ಲ.

ಟೈಪು ಮಾಡಿದೆ:
(ಅ) ಸದರಿ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?
(ಇ) ಕೈಗೊಂಡಿಲ್ಲದಿದ್ದಲ್ಲಿ, ಕಾರಣಗಳೇನು?

‘ಇಷ್ಟೇಯಾ? ಮಗೀನ ಹೆಸ್ರು ಬರೀನಿಲ್ವಲ್ಲಮ್ಮ?’
ಹೆಸರಿಗೆ ಅದರಲ್ಲಿ ಜಾಗವಿಲ್ಲ ಎಂದೆ.
ನನ್ನ ಕಾರ್ಬನ್ ಪ್ರತಿಯ ಬೆನ್ನಿಗೆ ಬರೆದಿಟ್ಟುಕೊಂಡೆ,
ಅವನು ಹೋದಮೇಲೆ.

ಮೇಲೊಂದು ಚುಕ್ಕೆ ಇಡಬೇಕು. ಚುಕ್ಕೆ ಇದ್ದರೆ
ಮಂತ್ರಿ ಎದ್ದು ನಿಂತು, ಬಾಯಿಬಿಟ್ಟು ಹೇಳಬೇಕು.
ಯಾರ ಮಗನೇ ಆಗಲಿ, ಎಷ್ಟೇ ಓಟಿನಲ್ಲಿ ಗೆದ್ದಿರಲಿ,
ಕೂತು ಹೇಳುವ ಹಾಗಿಲ್ಲ.
ನನ್ನ ಮೆಷಿನ್ನಿನಲ್ಲಿ ಚುಕ್ಕೆಯ ಕೀಲಿ ಇರಲಿಲ್ಲ,
ಪೆನ್ನು ಅವನ ಕೈಗೆ ಕೊಟ್ಟೆ.
ಐದು ಮೂಲೆ ಎಳೆದು ಮುಗಿಸುವವರೆಗೂ
ನಾಲಗೆ ಕಚ್ಚಿಕೊಂಡೇ ಇದ್ದ, ಸ್ಲೇಟು ಹಿಡಿದ ಹುಡುಗನ ಹಾಗೆ.

ಸಭೆ ಸೇರಿತು. ಆ ಬೆಳಿಗ್ಗೆ ಇನ್ಯಾವುದೋ ಹಗರಣ,
ಎಲ್ಲರೂ ಸದನದ ಬಾವಿಗಿಳಿದರು.
ನೀರಿಲ್ಲದ ಬಾವಿ; ಯಾರೂ ಮುಳುಗಲಿಲ್ಲ.
ಗಂಟೆ ಮುಗಿಯಿತು. ಯಾರೂ ಎದ್ದು ನಿಲ್ಲಲಿಲ್ಲ.
ಉತ್ತರ ಮಂಡಿಸಲಾಗಿದೆ ಎಂದು ಒಂದು ಹಾಳೆ ಬಂತು:
(ಅ) ಬಂದಿದೆ.
(ಆ) ಪರಿಶೀಲನೆಯಲ್ಲಿದೆ.
(ಇ) ಪ್ರಶ್ನೆ ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲವಂತೆ!
ಹೊಲದಲ್ಲಿ ಕಲ್ಲು ಉದ್ಭವಿಸುತ್ತದೆ, ಕುಂಕುಮ ಹಚ್ಚುತ್ತೇವೆ.
ಕಡಲೆಕಾಯಿ ಸಾಬರಿಗೆ ಕೊಟ್ಟುಬಿಡೋಣವೆಂದು
ಹಾಳೆ ಮಡಿಸುತ್ತಿದ್ದೆ. ಬೋರಲಿಂಗ ತಡೆದ,
ಮೊದಲ ಸಾಲಿಗೆ ಬೆರಳಿಟ್ಟ:
‘ನೋಡಮ್ಮ, ಗೊತ್ತು ಅಂತ ಒಪ್ಕಂಡವ್ರೆ.
ಇಲ್ಲೀಗಂಟ ಆ ಇಂಜಿನಿಯರು ಗೊತ್ತಿಲ್ಲ ಗೊತ್ತಿಲ್ಲ ಅಂತಿದ್ನಲ್ಲ,
ಇದ್ನ ಐದು ಕಾಪಿ ಮಾಡ್ಕೊಡು.’

ಮಾಡಿಕೊಟ್ಟೆ. ಆ ಮೂರಕ್ಷರ ಹಿಡಿದು ಅವನು
ನೀರಾವರಿ ಕಚೇರಿಯ ಬೆಂಚು ಸವೆಸಿದ,
ತಾಲ್ಲೂಕು ಕಚೇರಿಯ ಜವಾನನನ್ನು ನೆಂಟನನ್ನಾಗಿಸಿಕೊಂಡ,
ಕೊನೆಗೆ ರಸ್ತೆ ದಾಟಿ ಎದುರಿನ ಕೋರ್ಟಿಗೂ ಹೋದ.
‘ಬಂದಿದೆ’ ಎಂಬುದನ್ನು ಜಡ್ಜು
ಎರಡು ಸಲ ಓದಿಸಿದರಂತೆ.

ಸೇತುವೆ ಬಂತು, ಮೂರು ವರ್ಷಕ್ಕೆ.
ಒಂದೇ ಬದಿಗೆ ಕಂಬಿ.
ಇನ್ನೊಂದು ಬದಿಯದು ಪರಿಶೀಲನೆಯಲ್ಲಿರಬೇಕು.

ಈಗ ಕಂಪ್ಯೂಟರಿನವರ ಕಾಲ, ರೆಮಿಂಗ್ಟನ್ ಅಟ್ಟ ಸೇರಿದೆ.
ಮೊನ್ನೆ ಇಳಿಸಿ ಧೂಳು ಒರೆಸಿದೆ.
ಎಲ್ಲಕ್ಕಿಂತ ಸವೆದಿರುವುದು ದೀರ್ಘದ ಕೀಲಿ,
ಅಕ್ಷರದ ಬಲಕ್ಕೆ ಬಂದು ಕೂರುವ ಆ ಕೊಕ್ಕೆ.
‘ಪ್ರಾರ್ಥಿಸುತ್ತೇನೆ’ಗೂ ಅದೇ ಬೇಕು,
‘ಬಂದಿದೆಯೇ’ಗೂ ಅದೇ.
ಬೇಡಿ ಬೇಡಿ ಸವೆಯಿತೋ, ಕೇಳಿ ಕೇಳಿಯೋ,
ಬೆರಳಿಗೆ ನೆನಪಿಲ್ಲ.